ಈರುಳ್ಳಿ ಸಿಪ್ಪೆಯಲ್ಲಿ ಕೋಶಪೊರೆ ಯಾಕೆ ಕಾಣಲಿಲ್ಲ?

ಪ್ರಶ್ನೆ: ಜೀವಶಾಸ್ತ್ರ ಓದಲು ಈಗಷ್ಟೇ ಶುರು ಮಾಡಿದ್ದೇನೆ. ಈರುಳ್ಳಿಯ ತೆಳು ಸಿಪ್ಪೆ ತೆಗೆದು, ಅಯೋಡಿನ್ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಇಟ್ಟಿಗೆ ಜೋಡಿಸಿದಂತೆ ಗೋಡೆಗಳು, ಒಂದೊಂದರೊಳಗೆ ಒಂದು ಹಳದಿ ಚುಕ್ಕೆ, ಅಷ್ಟೇ. 400 ಪಟ್ಟು ಹಿಗ್ಗಿಸಿದರೂ ಮಿಕ್ಕಿದ್ದೆಲ್ಲ ಖಾಲಿ. ಪುಸ್ತಕದ ಚಿತ್ರದಲ್ಲಿರುವ ಕೋಶಪೊರೆ, ಮೈಟೊಕಾಂಡ್ರಿಯ, ರೈಬೋಸೋಮ್ ಯಾವುದೂ ಸಿಗಲಿಲ್ಲ. ಉಪ್ಪುನೀರು ಹಾಕಿದರೆ ಪೊರೆ ಗೋಡೆಯಿಂದ ಬಿಟ್ಟುಕೊಂಡು ಕುಗ್ಗುತ್ತದೆ ಎಂದು ಓದಿದ್ದೆ. ಅದೇ ಸ್ಲೈಡಿಗೆ ಉಪ್ಪುನೀರು ಹಾಕಿದೆ, ಅದೂ ಆಗಲಿಲ್ಲ. ಕಾಣದ ಪೊರೆ ಇದೆಯೆಂದು ನಂಬುವುದು ಹೇಗೆ? ಇನ್ನೊಂದು ಸಂಶಯ: ನೀರು ಪೊರೆ ದಾಟುತ್ತದೆ, ಉಪ್ಪು ದಾಟುವುದಿಲ್ಲ ಎನ್ನುತ್ತಾರೆ. ಉಪ್ಪಿನ ಕಣ ನೀರಿನ ಕಣಕ್ಕಿಂತ ಅಷ್ಟು ದೊಡ್ಡದೇ?

ಉತ್ತರ: ಉಪ್ಪುನೀರಿನ ವಿಷಯವನ್ನೇ ಮೊದಲು ಎತ್ತಿಕೊಳ್ಳೋಣ. ಉಳಿದ ಪ್ರಶ್ನೆಗಳ ಬೀಗದ ಕೈ ಅಲ್ಲೇ ಇದೆ. ನಿಮ್ಮ ಕೋಶಗಳು ಕುಗ್ಗಲಿಲ್ಲ, ಏಕೆಂದರೆ ಉಪ್ಪು ಬೀಳುವ ಹೊತ್ತಿಗೆ ಅವು ಸತ್ತಿದ್ದವು. ಕೊಂದದ್ದು ಅಯೋಡಿನ್. ಅದು ಒಳಗಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಣ್ಣ ಕೊಡುತ್ತದೆ, ಕೋಶಕೇಂದ್ರ ಹಳದಿ-ಕಂದಾಗಿ ಎದ್ದು ಕಾಣುತ್ತದೆ. ಜೊತೆಗೇ ಪೊರೆಯನ್ನೂ ಕೆಡಿಸಿಬಿಡುತ್ತದೆ. ಪೊರೆ ಕೆಟ್ಟ ಕೋಶದೊಳಕ್ಕೆ ಉಪ್ಪೂ ನೀರೂ ಒಂದೇ ಸಮನೆ ನುಗ್ಗುತ್ತವೆ. ಒಳಗೂ ಹೊರಗೂ ವ್ಯತ್ಯಾಸ ಉಳಿಯದಿದ್ದರೆ ನೀರು ಹೊರಗೆ ಓಡಲು ಕಾರಣವೇ ಇಲ್ಲ. ಸಿಪ್ಪೆಯನ್ನು ಒಂದು ನಿಮಿಷ ಕುದಿಸಿ, ಅಥವಾ ಆಲ್ಕೋಹಾಲಿನಲ್ಲಿ ಅದ್ದಿ ಆಮೇಲೆ ಉಪ್ಪು ಹಾಕಿದರೂ ಇದೇ ಫಲಿತಾಂಶ. ಅಂದರೆ ನಿಮ್ಮ ಕೈಕೊಟ್ಟ ಪ್ರಯೋಗವೇ ಒಂದು ಸಾಕ್ಷಿ: ಗೋಡೆ ಹಾಗೆಯೇ ಇದೆ, ಕೋಶಕೇಂದ್ರವೂ ಇದೆ, ಆದರೂ ಕುಗ್ಗುವ ಶಕ್ತಿ ಹೋಯಿತು. ಹಾಗಾದರೆ ಹೋದದ್ದು ಕಣ್ಣಿಗೆ ಕಾಣದ ಇನ್ನಾವುದೋ ಒಂದು.

ಈಗ ಅದನ್ನೇ ಸರಿಯಾಗಿ ಮಾಡುವ ಕ್ರಮ. ಬಿಳಿ ಈರುಳ್ಳಿ ಬೇಡ, ಕೆಂಪು-ನೇರಳೆ ಈರುಳ್ಳಿ ತೆಗೆದುಕೊಳ್ಳಿ. ಹೊರಗಿನ ಒಣ ಸಿಪ್ಪೆ ಬಿಸಾಡಿ, ಗಾಢ ಬಣ್ಣವಿರುವ ರಸಭರಿತ ಎಸಳೊಂದನ್ನು ಆರಿಸಿ. ಬಣ್ಣ ಇರುವುದು ಎಸಳಿನ ಉಬ್ಬಿದ ಹೊರಮೈಯಲ್ಲಿ. ತಗ್ಗಾದ ಒಳಮೈಯ ಸಿಪ್ಪೆ ಬೆರಳು ತಾಗಿಸಿದರೆ ಬಿಡಿಸಿಕೊಂಡು ಬರುತ್ತದೆ, ಒಂದೇ ಪದರ, ನೋಡಲು ಚೊಕ್ಕ. ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ ಅದಕ್ಕೆ ಬಣ್ಣವಿಲ್ಲ, ಮೊದಲ ಸಲ ಕುಗ್ಗುವಿಕೆ ನೋಡುವವರಿಗೆ ಅದು ಹೇಳಿ ಮಾಡಿಸಿದ್ದಲ್ಲ. ಹೊರಮೈ ಮೇಲೆ ಬ್ಲೇಡಿನಿಂದ 5 ಮಿಲಿಮೀಟರಿನ ಚೌಕ ಗೀರಿ, ಮೂಲೆಯೊಂದನ್ನು ಚಿಮಟದಲ್ಲಿ ಹಿಡಿದು ಮೆಲ್ಲನೆ ಎಳೆಯಿರಿ. ಕೆಳಗಿನ ತಿರುಳು ಅಲ್ಲಲ್ಲಿ ಅಂಟಿಕೊಂಡೇ ಬರುತ್ತದೆ. ಚಿಂತೆಯಿಲ್ಲ, ಅಂಚಿನಲ್ಲಿ ಒಂದೇ ಪದರ ಇರುವ ಜಾಗ ಸಿಕ್ಕೇ ಸಿಗುತ್ತದೆ.

ಸಿಪ್ಪೆ ಒಣಗಲು ಬಿಡದೆ ಕೂಡಲೇ ಸ್ಲೈಡಿನ ಮೇಲಿನ ನೀರಹನಿಗೆ ಹಾಕಿ, ಮಡಿಕೆ ಬಿಡಿಸಿ. ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್ ಸ್ಲಿಪ್ಪಿನ, ಒಂದು ಅಂಚನ್ನು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿ. ಧೊಪ್ಪನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ತೀರಾ ದುಂಡಗಿನ ವೃತ್ತ ಕಂಡರೆ ಅದು ಗುಳ್ಳೆಯೇ, ಕೋಶವಲ್ಲ. ಮೊದಲು 4ರ ಆಬ್ಜೆಕ್ಟಿವ್ (ಸ್ಲೈಡಿನ ಕಡೆಗಿರುವ, 4 ಪಟ್ಟು ಹಿಗ್ಗಿಸುವ ಮಸೂರ), ಆಮೇಲೆ 10ರದ್ದು. ಬಣ್ಣ ತುಂಬಿದ ಕೋಶಗಳ ಒಂದು ಗುಂಪು ಹಿಡಿದು, ಅಲ್ಲಿಂದ ಸ್ಲೈಡನ್ನು ಕದಲಿಸಬೇಡಿ.

5 ಗ್ರಾಂ ಅಡುಗೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿಕೊಳ್ಳಿ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಎದುರಿನ ಅಂಚಿಗೆ ಹೀರುಕಾಗದದ ತುಂಡು ತಾಗಿಸಿದರೆ ಉಪ್ಪುನೀರು ಅಡಿಯಿಂದ ಹಾದುಹೋಗುತ್ತದೆ. ಬಹಳ ಮಂದಿ ಎಡವುವುದು ಇಲ್ಲಿ: ಒಂದೇ ಹನಿ ಹಾಕಿ ಕಾಯುತ್ತಾರೆ. ಆ ಹನಿ ಮೊದಲೇ ಇದ್ದ ನೀರಿನೊಡನೆ ಬೆರೆತು ಸಪ್ಪೆಯಾಗಿರುತ್ತದೆ. ಎರಡು-ಮೂರು ಸಲ ಹಾಯಿಸಿ. ಇನ್ನು ಕೆಲವರು 0.9 ಶೇಕಡಾ ಉಪ್ಪುನೀರು ಬಳಸಿ ನಿರಾಶರಾಗುತ್ತಾರೆ. ಅದು ಮನುಷ್ಯನ ರಕ್ತಕ್ಕೆ ಸಮನಾದ ಸಾಂದ್ರತೆ. ಈರುಳ್ಳಿ ಕೋಶದೊಳಗಿನ ರಸ ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿ, ಹಾಗಾಗಿ ಹೆಚ್ಚಿನ ಕೋಶಗಳು ಮಿಸುಕುವುದೂ ಇಲ್ಲ. ತೀರಾ ಗಟ್ಟಿ, 20 ಶೇಕಡಾದಷ್ಟು ಹಾಕಿದರೆ ಕೋಶ ಸರಕ್ಕನೆ ಮುದುಡುತ್ತದೆ, ಆದರೆ ಪೊರೆ ಹರಿದು ಮತ್ತೆ ಚೇತರಿಸಿಕೊಳ್ಳದೇ ಹೋಗಬಹುದು.

ಕೆಲವೇ ನಿಮಿಷಗಳಲ್ಲಿ ಆಟ ಶುರು. ಗೋಡೆಯಿಂದ ಗೋಡೆಗೆ ತುಂಬಿದ್ದ ನೇರಳೆ ಮೊದಲು ಮೂಲೆಗಳಲ್ಲಿ ಹಿಂದೆ ಸರಿಯುತ್ತದೆ. ಅಲ್ಲಲ್ಲಿ ಗೋಡೆಗೆ ಅಂಟಿಕೊಂಡು ನಡುವೆ ಒಳಬಾಗಿದಂತೆ ಕಾಣುತ್ತದೆ. ಆಮೇಲೆ ಆ ಅಂಟೂ ಬಿಟ್ಟು, ಆಯತಾಕಾರದ ಗೋಡೆಯ ನಡುವೆ ದುಂಡು ಅಂಚಿನ ಒಂದು ನೇರಳೆ ಮುದ್ದೆ ಉಳಿಯುತ್ತದೆ. ಉದ್ದನೆಯ ಕೋಶದಲ್ಲಿ ಎರಡು-ಮೂರು ಮುದ್ದೆಗಳಾಗಿ ತುಂಡಾಗುವುದೂ ಉಂಟು. ಬಣ್ಣ ಮೊದಲಿಗಿಂತ ಗಾಢವಾಗಿರುವುದನ್ನು ಗಮನಿಸಿ: ಬಣ್ಣದ ಕಣಗಳು ಅಷ್ಟೇ ಇವೆ, ನೀರು ಮಾತ್ರ ಹೊರಗೆ ಹೋಗಿದೆ. ನೇರಳೆ ಹೊರಗೆ ಸೋರಲಿಲ್ಲ, ಉಪ್ಪು ಒಳಗೆ ಬರಲಿಲ್ಲ, ನೀರು ಮಾತ್ರ ಚಲಿಸಿತು. ಇದಕ್ಕೆ ಪ್ಲಾಸ್ಮಾಲಿಸಿಸ್ ಎನ್ನುತ್ತಾರೆ. ಈಗ ಅದೇ ಕ್ರಮದಲ್ಲಿ ಬರಿಯ ನೀರನ್ನು ಮೂರು-ನಾಲ್ಕು ಸಲ ನಿಧಾನವಾಗಿ ಹಾಯಿಸಿ. ಮುದ್ದೆ ಹಿಗ್ಗಿ ಮತ್ತೆ ಗೋಡೆ ಮುಟ್ಟಿದರೆ ಕೋಶ ಬದುಕಿದೆ. ಮುದ್ದೆ ಒಡೆದು ಬಣ್ಣ ಚೆಲ್ಲಿದರೆ ಪೊರೆ ಹರಿದಿದೆ, ನೀರು ನುಗ್ಗಿದ ವೇಗ ಜಾಸ್ತಿಯಾಯಿತು ಎಂದು ತಿಳಿಯಿರಿ. 40ರ ಆಬ್ಜೆಕ್ಟಿವಿಗೆ ಉಪ್ಪುನೀರು ತಾಗಿದ್ದರೆ ಒಣಗುವ ಮುಂಚೆ ಒರೆಸಿಬಿಡಿ. ಆ ಮಸೂರ ಸ್ಲೈಡಿಗೆ ಒಂದು ಮಿಲಿಮೀಟರಿಗಿಂತ ಹತ್ತಿರ ಬರುತ್ತದೆ, ತಾಗುವುದು ಸುಲಭ.

ಮುದ್ದೆಗೂ ಗೋಡೆಗೂ ನಡುವಿನ ಜಾಗದಲ್ಲಿ ಏನಿದೆ? ಪರೀಕ್ಷೆಯಲ್ಲಿ ಕೇಳಿದರೆ ಅರ್ಧಕ್ಕರ್ಧ ಮಂದಿ ಗಾಳಿ ಎಂದೋ ನಿರ್ವಾತ ಎಂದೋ ಬರೆಯುತ್ತಾರೆ. ಅಲ್ಲಿರುವುದು ನೀವು ಹಾಕಿದ ಉಪ್ಪುನೀರು. ಗೋಡೆ, ಅಂದರೆ ಕೋಶಭಿತ್ತಿ, ಸೆಲ್ಯುಲೋಸ್ ನಾರುಗಳ ಹೆಣಿಗೆ. ಅದರ ಸಂದುಗಳು ಉಪ್ಪಿಗೂ ಸಕ್ಕರೆಗೂ ಧಾರಾಳವಾಗಿ ದಾರಿ ಬಿಡುತ್ತವೆ. ಗೋಡೆ ಆಕಾರ ಕೊಡುತ್ತದೆ, ಒಳಗಿನ ಒತ್ತಡ ತಡೆಯುತ್ತದೆ, ಆದರೆ ಕಾವಲು ಕಾಯುವುದಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಆ ನೇರಳೆ ಮುದ್ದೆಯ ಅಂಚನ್ನು ತೋರಿಸಿ "ಇಗೋ ಕೋಶಪೊರೆ" ಎನ್ನುವುದು ರೂಢಿ. ನಿಜಕ್ಕೂ ನೀವು ನೋಡುತ್ತಿರುವುದು ಪೊರೆಯನ್ನಲ್ಲ, ಬಣ್ಣ ಮುಗಿದು ಬಣ್ಣವಿಲ್ಲದ್ದು ಶುರುವಾಗುವ ಗಡಿಯನ್ನು. ಬಣ್ಣ ಇರುವುದು ರಸದಾನಿಯೊಳಗೆ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದೊಳಗೆ. ಅದಕ್ಕೆ ಅದರದೇ ಒಂದು ಪೊರೆ, ಅದರಾಚೆ ತೆಳುವಾದ ಕೋಶದ್ರವ್ಯ, ಅದರಾಚೆ ಕೋಶಪೊರೆ. ಮೂರೂ ಒಂದೇ ಗೆರೆಯಂತೆ ಒತ್ತಿಕೊಂಡಿರುತ್ತವೆ. ಸ್ಲೈಡಿನ ಕೆಳಗೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಕಿರಿದು ಮಾಡಿ ತಾಳ್ಮೆಯಿಂದ ನೋಡಿದರೆ ಮುದ್ದೆಯಿಂದ ಗೋಡೆಗೆ ಜೇಡನ ಎಳೆಯಂಥ ದಾರಗಳು ಚಾಚಿರುವುದು ಕೆಲವೊಮ್ಮೆ ಸಿಗುತ್ತದೆ. ಹೆಖ್ಟ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ್ದರಿಂದ ಅವಕ್ಕೆ ಅವನದೇ ಹೆಸರು. ಪೊರೆ ಗೋಡೆಗೆ ಬಿಗಿಯಾಗಿ ಅಂಟಿದ್ದ ಬಿಂದುಗಳವು. ಸರಿದಾಗ ಪೊರೆ ಎಳೆಯಾಗಿ ಎಳೆದುಕೊಂಡಿದೆ.

ಹಾಗಾದರೆ ಪೊರೆಯನ್ನು ನೇರವಾಗಿ ಕಾಣಲು ಏನು ಅಡ್ಡಿ? ಹಿಗ್ಗಿಸುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ. ಮಂಕಾದ ಅಕ್ಷರವನ್ನು ಜೆರಾಕ್ಸಿನಲ್ಲಿ ದೊಡ್ಡದು ಮಾಡಿದರೆ ಸಿಗುವುದು ದೊಡ್ಡ ಮಂಕು ಅಕ್ಷರ. ಬೆಳಕು ತರಂಗವಾದ್ದರಿಂದ ಒಂದು ಮಿತಿಗಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ ಮಸುಕಾಗಿ ಬೆರೆಯುತ್ತವೆ. ಈ ಮಿತಿಯ ಲೆಕ್ಕವನ್ನು ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಕೊಟ್ಟ: ಬೆಳಕಿನ ತರಂಗಾಂತರವನ್ನು ಮಸೂರದ ನ್ಯೂಮರಿಕಲ್ ಅಪರ್ಚರಿನ ಎರಡರಷ್ಟರಿಂದ ಭಾಗಿಸಬೇಕು. ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯಬಲ್ಲದು ಎಂಬ ಅಳತೆಯೇ ಈ ಅಪರ್ಚರ್. ಅದು ಆಬ್ಜೆಕ್ಟಿವಿನ ಮೈಮೇಲೆಯೇ ಕೆತ್ತಿರುತ್ತದೆ, ನೋಡಿ: 40ರದ್ದರ ಮೇಲೆ ಸಾಮಾನ್ಯವಾಗಿ 0.65. ಹಸಿರು ಬೆಳಕು 550 ನ್ಯಾನೊಮೀಟರ್ ಎಂದಿಟ್ಟುಕೊಂಡರೆ 550 ಭಾಗಿಸು 1.3, ಸುಮಾರು 420 ನ್ಯಾನೊಮೀಟರ್. ಎಣ್ಣೆ ಹಾಕಿ ನೋಡುವ 100ರ ಆಬ್ಜೆಕ್ಟಿವಿನಲ್ಲಿ 1.25 ಇದ್ದರೆ 220ಕ್ಕೆ ಇಳಿಯುತ್ತದೆ. ಕೋಶಪೊರೆಯ ದಪ್ಪ 7ರಿಂದ 8 ನ್ಯಾನೊಮೀಟರ್. ನಿಮ್ಮ ಮಸೂರ ಬಿಡಿಸಬಲ್ಲದ್ದಕ್ಕಿಂತ ಐವತ್ತು ಪಟ್ಟು ತೆಳು. ಸಾಲದ್ದಕ್ಕೆ ಆರೋಗ್ಯವಾಗಿರುವ ಕೋಶದಲ್ಲಿ ಒಳಗಿನ ನೀರಿನ ಒತ್ತಡ ಹಲವು ವಾಯುಭಾರದಷ್ಟಿದ್ದು ಪೊರೆಯನ್ನು ಗೋಡೆಗೆ ಅವುಚಿ ಹಿಡಿದಿರುತ್ತದೆ.

ಈ ಸಂಖ್ಯೆಗಳು ತಲೆಗೆ ಹತ್ತುವುದು ಕಷ್ಟ. ಈರುಳ್ಳಿ ಕೋಶವೊಂದು 300 ಮೈಕ್ರೊಮೀಟರ್ ಉದ್ದ, 60 ಅಗಲ ಇದೆ ಅನ್ನಿ. ಅದನ್ನು ಲಕ್ಷ ಪಟ್ಟು ಹಿಗ್ಗಿಸಿದರೆ 30 ಮೀಟರ್ ಉದ್ದ, 6 ಮೀಟರ್ ಅಗಲದ ಸಭಾಂಗಣವಾಗುತ್ತದೆ. ಅದರೊಳಗೆ ಕೋಶಕೇಂದ್ರ ಒಂದೂವರೆ ಮೀಟರಿನ ಗುಂಡು. ಮೈಟೊಕಾಂಡ್ರಿಯ ಏಳೆಂಟು ಸೆಂಟಿಮೀಟರ್ ದಪ್ಪದ ಕಡುಬು. ರೈಬೋಸೋಮ್ ಎರಡೂವರೆ ಮಿಲಿಮೀಟರಿನ ಕಾಳು. ಗೋಡೆ ಗೇಣಿಗಿಂತ ಕಮ್ಮಿ ದಪ್ಪ, ಅದಕ್ಕೆ ಒಳಗಿನಿಂದ ಅಂಟಿಸಿದ ಮುಕ್ಕಾಲು ಮಿಲಿಮೀಟರಿನ ಹಾಳೆಯೇ ಕೋಶಪೊರೆ. ನಿಮ್ಮ 400 ಪಟ್ಟಿನ ಸೂಕ್ಷ್ಮದರ್ಶಕ ಈ ಸಭಾಂಗಣದಲ್ಲಿ 4 ಸೆಂಟಿಮೀಟರಿಗಿಂತ ಸಣ್ಣದ್ದನ್ನು ಬಿಡಿಸಿ ತೋರಿಸಲಾರದು. ಕೇಂದ್ರ ಕಾಣುತ್ತದೆ, ಕಡುಬು ಕಂಡೂ ಕಾಣದ ಹಾಗೆ ಚುಕ್ಕೆಯಾಗುತ್ತದೆ, ಕಾಳೂ ಹಾಳೆಯೂ ಇಲ್ಲವೇ ಇಲ್ಲ.

ನಿಮ್ಮ ಕೋಶದ ನಿಜವಾದ ಅಳತೆ ಬೇಕಾದರೆ ಕಣ್ಣಿಟ್ಟು ನೋಡುವ ಮಸೂರದ, ಅಂದರೆ ಐಪೀಸಿನ, ಮೇಲೆ ಬರೆದಿರುವ ಫೀಲ್ಡ್ ಸಂಖ್ಯೆಯನ್ನು ಆಬ್ಜೆಕ್ಟಿವಿನ ಪಟ್ಟಿನಿಂದ ಭಾಗಿಸಿ. 18 ಇದ್ದರೆ 10ರ ಆಬ್ಜೆಕ್ಟಿವಿನಲ್ಲಿ ಕಾಣುವ ವೃತ್ತದ ಅಡ್ಡಳತೆ 1.8 ಮಿಲಿಮೀಟರ್. ಅದರ ಉದ್ದಕ್ಕೆ ಆರು ಕೋಶ ಕೂತರೆ ಒಂದೊಂದು 300 ಮೈಕ್ರೊಮೀಟರ್.

"ಮಿಕ್ಕಿದ್ದೆಲ್ಲ ಖಾಲಿ" ಎಂದಿರಲ್ಲ, ಅದು ಅರ್ಧ ನಿಜ. ಬೆಳೆದ ಈರುಳ್ಳಿ ಕೋಶದ ಬಹುಪಾಲು ಜಾಗ ಹಿಡಿದಿರುವುದು ರಸದಾನಿ: ನೀರು, ಸಕ್ಕರೆ, ಲವಣ, ಆಮ್ಲ, ಬಣ್ಣವಿದ್ದರೆ ಬಣ್ಣ. ಬೆಳಕಿಗೆ ಅಲ್ಲಿ ತಡೆಯೇ ಇಲ್ಲ. ಜೀವದ ವ್ಯವಹಾರವೆಲ್ಲ ನಡೆಯುವ ಕೋಶದ್ರವ್ಯ ಗೋಡೆಗೆ ಒತ್ತಿದ ತೆಳು ಲೇಪದಂತೆ ಉಳಿದಿರುತ್ತದೆ. ಹಾಗಾದರೆ ಕೋಶಕೇಂದ್ರ ನಡುವೆ ತೇಲುತ್ತಿದ್ದಂತೆ ಕಂಡಿತೇಕೆ? ಹತ್ತಾರು ಕೋಶ ನೋಡಿ. ಕೆಲವದರಲ್ಲಿ ಕೇಂದ್ರ ಪಕ್ಕದ ಗೋಡೆಗೆ ಒತ್ತಿಕೊಂಡು ಚಪ್ಪಟೆಯಾಗಿದೆ, ಕೆಲವದರಲ್ಲಿ ನಟ್ಟನಡುವೆ ದುಂಡಗಿದೆ. ನಡುವೆ ಕಂಡವುಗಳಲ್ಲಿ ಹೆಚ್ಚಿನವು ಮೇಲಿನ ಅಥವಾ ಕೆಳಗಿನ ಗೋಡೆಗೆ ಅಂಟಿರುತ್ತವೆ. ನೀವು ಮೇಲಿನಿಂದ ನೋಡುತ್ತಿರುವುದರಿಂದ ನಡುವಿನಲ್ಲಿ ಎನಿಸುತ್ತದೆ. ಫೈನ್ ಫೋಕಸ್ ತಿರುಪನ್ನು ಹಿಂದೆ ಮುಂದೆ ತಿರುಗಿಸಿದರೆ ಯಾವ ಗೋಡೆಯ ಮಟ್ಟದಲ್ಲಿ ಕೇಂದ್ರ ಸ್ಪಷ್ಟವಾಗುತ್ತದೆ ಎಂಬುದು ಗೊತ್ತಾಗುತ್ತದೆ. ಚಪ್ಪಟೆ ಚಿತ್ರ ನೋಡಿ ರೂಢಿಯಾದ ಕಣ್ಣಿಗೆ ಕೋಶ ಒಂದು ಪೆಟ್ಟಿಗೆ ಎಂಬುದು ಈ ತಿರುಪು ತಿರುಗಿಸುವವರೆಗೆ ಹೊಳೆಯುವುದಿಲ್ಲ.

ಒಳಮೈಯ ಬಣ್ಣವಿಲ್ಲದ ಸಿಪ್ಪೆಗೆ ಬೆಲೆ ಇರುವುದು ಇಲ್ಲಿ. ಅದನ್ನು ಯಾವ ಬಣ್ಣವನ್ನೂ ಹಾಕದೆ ನೀರಿನಲ್ಲಿಟ್ಟು, ಹತ್ತು-ಹದಿನೈದು ನಿಮಿಷ ಸುಮ್ಮನೆ ಬಿಡಿ. ಕಿತ್ತ ಪೆಟ್ಟಿನಿಂದ ಸುಧಾರಿಸಿಕೊಳ್ಳಲಿ. ಆಮೇಲೆ 40ರ ಆಬ್ಜೆಕ್ಟಿವಿನಲ್ಲಿ ಡಯಾಫ್ರಮನ್ನು ಬಹಳ ಕಿರಿದು ಮಾಡಿ, ಗೋಡೆಯ ಪಕ್ಕದಲ್ಲಿ, ಕೋಶಕೇಂದ್ರದ ಸುತ್ತ ನೋಡಿ. ಪುಡಿಪುಡಿ ಚುಕ್ಕೆಗಳು ಸಾಲುಗಟ್ಟಿ ಹರಿಯುವುದು ಕಾಣುತ್ತದೆ. ಒಂದೇ ಎಳೆಯಲ್ಲಿ ಕೆಲವು ಹೋಗುತ್ತಿದ್ದರೆ ಕೆಲವು ಬರುತ್ತಿರುತ್ತವೆ, ನಡುನಡುವೆ ನಿಂತು ಮತ್ತೆ ಹೊರಡುತ್ತವೆ. ಅವುಗಳಲ್ಲಿ ಕೊಬ್ಬಿನ ಸಣ್ಣ ಹನಿಗಳಿವೆ, ಮೈಟೊಕಾಂಡ್ರಿಯಗಳೂ ಇವೆ. ಯಾವ ಚುಕ್ಕೆ ಯಾವುದೆಂದು ಈ ಬೆಳಕಿನಲ್ಲಿ ಹೇಳಲಾಗದು. ಜಾನಸ್ ಗ್ರೀನ್ ಬಿ ಎಂಬ ಬಣ್ಣವನ್ನು ತೀರಾ ತೆಳ್ಳಗೆ ಮಾಡಿ ಹಾಕಿದರೆ ಬದುಕಿರುವ ಕೋಶದ ಮೈಟೊಕಾಂಡ್ರಿಯಗಳು ನೀಲಿ-ಹಸಿರಾಗುತ್ತವೆ. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಇವನ್ನೆಲ್ಲ ಹೊತ್ತು ನಡೆಯುತ್ತದೆ. ನಮ್ಮ ಸ್ನಾಯು ಸಂಕುಚಿಸುವುದೂ ಇದೇ ಜೋಡಿಯಿಂದ. ಹಸಿರು ಬಣ್ಣದ ಕ್ಲೋರೊಪ್ಲಾಸ್ಟ್ ಮಾತ್ರ ಹುಡುಕಬೇಡಿ: ನೆಲದೊಳಗೆ ಬೆಳೆಯುವ ಗೆಡ್ಡೆಯ ಸಿಪ್ಪೆಯಲ್ಲಿ ಅದು ಇರುವುದಿಲ್ಲ. ಅಯೋಡಿನ್ ಹಾಕಿದಾಗ ಕಡುನೀಲಿ ಬರದಿದ್ದುದಕ್ಕೂ ಇಂಥದೇ ಸರಳ ಕಾರಣ. ಆ ಬಣ್ಣ ಬರುವುದು ಪಿಷ್ಟಕ್ಕೆ. ಈರುಳ್ಳಿ ತನ್ನ ದಾಸ್ತಾನನ್ನು ಪಿಷ್ಟವಾಗಿ ಇಡುವುದಿಲ್ಲ, ಸಕ್ಕರೆ ಮತ್ತು ಫ್ರಕ್ಟಾನ್ (ಫ್ರಕ್ಟೋಸ್ ಸಕ್ಕರೆಯ ಸರಪಳಿ) ರೂಪದಲ್ಲಿ ಇಡುತ್ತದೆ.

ಇನ್ನು ಉಪ್ಪು ದಾಟದ ಪ್ರಶ್ನೆ. ಗಾತ್ರ ಕಾರಣವೇ ಅಲ್ಲ. ಉಪ್ಪು ನೀರಿನಲ್ಲಿ ಕರಗಿದ ಮೇಲೆ ಉಪ್ಪಿನ ಕಣ ಎಂಬುದೇ ಉಳಿಯುವುದಿಲ್ಲ. ಧನ ಆವೇಶದ ಸೋಡಿಯಂ ಅಯಾನು, ಋಣ ಆವೇಶದ ಕ್ಲೋರೈಡ್ ಅಯಾನು ಬೇರೆ ಬೇರೆಯಾಗಿರುತ್ತವೆ. ಸೋಡಿಯಂ ಅಯಾನಿನ ವ್ಯಾಸ ಸುಮಾರು 0.2 ನ್ಯಾನೊಮೀಟರ್, ನೀರಿನ ಅಣುವಿನದು ಸುಮಾರು 0.28. ಸಣ್ಣದೇ ದಾಟದೆ ನಿಂತಿದೆ, ದೊಡ್ಡದು ದಾಟಿ ಹೋಗುತ್ತಿದೆ! ಪೊರೆಯನ್ನು ಜರಡಿ ಎಂದು ಹೇಳಿಕೊಡುವುದರಲ್ಲಿ ಇರುವ ತೊಂದರೆಯೇ ಇದು. ಜರಡಿಯ ಹೋಲಿಕೆ ಹಿಡಿದು ಹೊರಟರೆ ನಿಮ್ಮ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಮಾತ್ರ ಎಂದಿಗೂ ಸಿಗುವುದಿಲ್ಲ.

ನೀರಿನ ಅಣುವಿನಲ್ಲಿ ಆಕ್ಸಿಜನ್ ಇಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹಾಗಾಗಿ ಆ ತುದಿ ಕೊಂಚ ಋಣ, ಹೈಡ್ರೋಜನ್ ತುದಿಗಳು ಕೊಂಚ ಧನ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಹೈಡ್ರೋಜನ್ ಬಂಧದಿಂದ ತಗುಲಿಕೊಳ್ಳುತ್ತದೆ. ಒಂದೊಂದು ಬಂಧ ಬಿಡಿಸಲು ಪ್ರತಿ ಮೋಲಿಗೆ (ಮೋಲ್ ಎಂದರೆ ಕಣಗಳ ಲೆಕ್ಕಕ್ಕೆ ಬಳಸುವ ಒಂದು ಗೊತ್ತಾದ ದೊಡ್ಡ ಸಂಖ್ಯೆ) ಸುಮಾರು 20 ಕಿಲೋಜೂಲ್ ಸಾಕು. ಕಟ್ಟಿ ಬಿಚ್ಚಿ ಕಟ್ಟುವುದು ಕ್ಷಣಕ್ಷಣವೂ ನಡೆದಿರುತ್ತದೆ. ಸೋಡಿಯಂ ಅಯಾನು ಈ ನೀರಿಗೆ ಬಿದ್ದಾಗ ಸುತ್ತಲಿನ ನೀರಿನ ಅಣುಗಳು ಆಕ್ಸಿಜನ್ ತುದಿಯನ್ನು ಅದರತ್ತ ತಿರುಗಿಸಿ ಮುತ್ತಿಕೊಳ್ಳುತ್ತವೆ. ಆ ಮುತ್ತಿಗೆಯನ್ನು ಪೂರ್ತಿ ಕಳಚಲು ಬೇಕಾಗುವ ಶಕ್ತಿ ಪ್ರತಿ ಮೋಲಿಗೆ ಸುಮಾರು 400 ಕಿಲೋಜೂಲ್. ನೀರೇ ಸೋಡಿಯಂನ ಅಂಗಿ ಎನ್ನಿ, ಕಳಚಲು ಅದು ಒಪ್ಪುವುದೇ ಇಲ್ಲ.

ಪೊರೆಯ ಮೂಲವಸ್ತು ಫಾಸ್ಫೊಲಿಪಿಡ್. ತಲೆಯಲ್ಲಿ ಆವೇಶವಿರುವ ಫಾಸ್ಫೇಟ್, ನೀರಿಗೆ ಒಗ್ಗುವಂಥದ್ದು. ಬಾಲ ಎರಡು, ಹೆಚ್ಚಾಗಿ 16ರಿಂದ 18 ಇಂಗಾಲದ ಸರಪಳಿಗಳು, ಅವಕ್ಕೆ ಆವೇಶವಿಲ್ಲ. ಎಣ್ಣೆ ನೀರನ್ನು ದ್ವೇಷಿಸುತ್ತದೆ ಎಂದು ಹೇಳುವುದುಂಟು. ಆದರೆ ಬಾಲಕ್ಕೆ ನೀರಿನ ಮೇಲೆ ಹಗೆಯೇನೂ ಇಲ್ಲ. ನೀರಿನ ಅಣುಗಳಿಗೆ ಬಾಲದೊಡನೆ ಹೈಡ್ರೋಜನ್ ಬಂಧ ಕಟ್ಟಲಾಗದು. ಹೀಗಾಗಿ ಬಾಲದ ಸುತ್ತ ಅವು ತಮ್ಮತಮ್ಮೊಳಗೆ ಬಂಧ ಉಳಿಸಿಕೊಳ್ಳಲು ಒಂದು ಕಟ್ಟುಪಾಡಿನಲ್ಲಿ ನಿಲ್ಲಬೇಕಾಗುತ್ತದೆ, ಓಡಾಟದ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಬಾಲಗಳೆಲ್ಲ ಒಂದೆಡೆ ಸೇರಿದರೆ ನೀರಿಗೆ ತಾಗುವ ಮೈ ಕಡಿಮೆ, ನೀರಿಗೆ ಬಿಡುಗಡೆ. ಬಾಲಗಳನ್ನು ಒಟ್ಟಿಗೆ ತಳ್ಳುವುದು ನೀರೇ. ಹೀಗೆ ತಲೆಗಳು ಹೊರಗೆ, ಬಾಲಗಳು ಒಳಗೆ ಮಾಡಿಕೊಂಡು ಎರಡು ಪದರದ ಹಾಳೆ ತಾನಾಗಿ ನಿಲ್ಲುತ್ತದೆ. ಹೊಲಿಯುವವರು ಬೇಡ. ಸೂಜಿ ಚುಚ್ಚಿ ತೆಗೆದರೆ ತೂತು ಮುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ.

ಈಗ ಸೋಡಿಯಂ ಈ ಹಾಳೆ ದಾಟಬೇಕಾದರೆ ನಡುವಿನ ಸುಮಾರು 3 ನ್ಯಾನೊಮೀಟರ್ ಎಣ್ಣೆಯ ಪದರಕ್ಕೆ ಇಳಿಯಬೇಕು. ಅಲ್ಲಿ ಅದರ ಆವೇಶಕ್ಕೆ ಜೊತೆ ಕೊಡುವವರಿಲ್ಲ. ಅಂಗಿ ಕಳಚಿದರೆ 400 ಕಿಲೋಜೂಲಿನ ದಂಡ, ಅಂಗಿ ಸಮೇತ ನುಗ್ಗಿದರೆ ಎಣ್ಣೆಯೊಳಗೆ ಇಡೀ ನೀರಿನ ಮುದ್ದೆಯನ್ನೇ ಎಳೆದೊಯ್ಯಬೇಕು. ಆವೇಶವಿಲ್ಲದ ನೀರಿನ ಅಣುವಿಗೆ ಬಿಡಿಸಿಕೊಳ್ಳಬೇಕಾದದ್ದು ಒಂದೆರಡು, ಹೆಚ್ಚೆಂದರೆ ನಾಲ್ಕು ಹೈಡ್ರೋಜನ್ ಬಂಧ. ಅದೂ ಸಲೀಸಲ್ಲ, ಆದರೆ ಆಗುತ್ತದೆ. ಪ್ರೋಟೀನುಗಳಿಲ್ಲದ ಬರಿಯ ಲಿಪಿಡ್ ಹಾಳೆಯಲ್ಲಿ ಅಳೆದಾಗ ನೀರು ಸೋಡಿಯಂಗಿಂತ ನೂರು ಕೋಟಿ ಪಟ್ಟು ವೇಗವಾಗಿ ದಾಟುತ್ತದೆ.

ಜೀವಂತ ಪೊರೆ ಬರಿಯ ಲಿಪಿಡ್ ಅಲ್ಲ. ತೂಕದಲ್ಲಿ ಸರಿಸುಮಾರು ಅರ್ಧ ಪ್ರೋಟೀನು. ನೀರಿಗೆಂದೇ ಮೀಸಲಾದ ಅಕ್ವಾಪೊರಿನ್ ಎಂಬ ನಾಳಗಳಿವೆ. ಅತಿ ಕಿರಿದಾದ ಕಡೆ 0.3 ನ್ಯಾನೊಮೀಟರಿನಷ್ಟೇ ಇರುವ ಈ ನಾಳದಲ್ಲಿ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ಸೆಕೆಂಡಿಗೆ ನೂರಾರು ಕೋಟಿ ಸಂಖ್ಯೆಯಲ್ಲಿ ಸಾಗುತ್ತವೆ. ಪೀಟರ್ ಆಗ್ರೆಯವರ ತಂಡ 1992ರಲ್ಲಿ ಇದರ ಕೆಲಸವನ್ನು ತೋರಿಸಿಕೊಟ್ಟಿತು, 2003ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಯಾನುಗಳಿಗೂ ಬೇರೆ ನಾಳಗಳಿವೆ, ಅವು ಬೇಕಾದಾಗ ಮಾತ್ರ ತೆರೆಯುತ್ತವೆ. ಆದ್ದರಿಂದ "ಉಪ್ಪು ದಾಟುವುದಿಲ್ಲ" ಎಂಬುದು ನಿಮ್ಮ ಹತ್ತು ನಿಮಿಷದ ಪ್ರಯೋಗಕ್ಕೆ ಸಾಕಷ್ಟು ಸರಿ, ಗಂಟೆಗಟ್ಟಲೆ ಉಪ್ಪಿನಲ್ಲಿ ನೆನೆಸಿಟ್ಟರೆ ಸರಿಯಲ್ಲ.

ಕಾಣದ್ದನ್ನು ನಂಬುವುದು ಹೇಗೆ ಎಂದಿರಿ. ಪೊರೆಯ ವಿಷಯದಲ್ಲಿ ಜನ ಅದನ್ನು ನೋಡುವ ಎಷ್ಟೋ ವರ್ಷ ಮುಂಚೆಯೇ ಅದು ಯಾವ ವಸ್ತುವಿನದ್ದು ಎಂದು ತಿಳಿದುಕೊಂಡಿದ್ದರು. 1890ರ ದಶಕದಲ್ಲಿ ಅರ್ನೆಸ್ಟ್ ಓವರ್ಟನ್ ಎಂಬ ವಿಜ್ಞಾನಿ ಸಸ್ಯಕೋಶಗಳನ್ನು ನೂರಾರು ಬಗೆಯ ದ್ರಾವಣಗಳಲ್ಲಿಟ್ಟು ಯಾವುದರಲ್ಲಿ ಕುಗ್ಗುತ್ತವೆ, ಯಾವುದರಲ್ಲಿ ಕುಗ್ಗುವುದಿಲ್ಲ ಎಂದು ನೋಡುತ್ತಾ ಹೋದ. ನೀವು ಮಾಡಹೊರಟಿದ್ದ ಪ್ರಯೋಗವೇ. ಎಣ್ಣೆಯಲ್ಲಿ ಚೆನ್ನಾಗಿ ಕರಗುವ ವಸ್ತುಗಳು ಒಳಗೆ ಬೇಗ ಹೋಗುತ್ತವೆ, ಕರಗದವು ಹೊರಗೇ ಉಳಿಯುತ್ತವೆ. ಗಡಿಯಲ್ಲಿರುವುದು ಕೊಬ್ಬಿನಂಥದ್ದೇ ಇರಬೇಕು ಎಂದ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡಲ್ ಕೆಂಪು ರಕ್ತಕಣಗಳಿಂದ ಕೊಬ್ಬನ್ನು ಅಸಿಟೋನಿನಲ್ಲಿ ತೆಗೆದು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಕಣಗಳ ಮೈಯ ವಿಸ್ತೀರ್ಣಕ್ಕಿಂತ ಎರಡು ಪಟ್ಟು ಬಂತು, ಅಂದರೆ ಪದರ ಎರಡು. ತಮಾಷೆಯೆಂದರೆ ಅವರ ಅಸಿಟೋನ್ ಕೊಬ್ಬನ್ನು ಪೂರ್ತಿ ಎಳೆದಿರಲಿಲ್ಲ, ರಕ್ತಕಣದ ವಿಸ್ತೀರ್ಣವನ್ನೂ ಅವರು ಕಮ್ಮಿ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಸರಿ ಉತ್ತರ ಸಿಕ್ಕಿತು.

ಬೆಳಕಿನ ಬದಲು ಇಲೆಕ್ಟ್ರಾನುಗಳನ್ನು ಬಳಸುವ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರುಸ್ಕಾ ಮತ್ತು ನಾಲ್ 1931ರಲ್ಲಿ ಕಟ್ಟಿದರೂ ಕೋಶದ ತೆಳು ಸೀಳುಗಳನ್ನು ಅದರಲ್ಲಿ ಚೆನ್ನಾಗಿ ನೋಡಲು ಸಾಧ್ಯವಾದದ್ದು 1950ರ ದಶಕದಲ್ಲಿ. ಕೋಶವನ್ನು ಭಾರಲೋಹದ ಸಂಯುಕ್ತಗಳಲ್ಲಿ ನೆನೆಸಿ, ಅಂಟಿನಲ್ಲಿ ಗಟ್ಟಿ ಮಾಡಿ, 100 ನ್ಯಾನೊಮೀಟರಿಗಿಂತ ತೆಳ್ಳಗೆ ಸೀಳಿ, ನಿರ್ವಾತದಲ್ಲಿಟ್ಟು ನೋಡಬೇಕು. ಪೊರೆ ಎರಡು ಕಪ್ಪು ಗೆರೆ, ನಡುವೆ ಒಂದು ಬಿಳಿ ಗೆರೆಯಾಗಿ ಕಂಡಿತು. ಅದು ಸತ್ತ ಕೋಶ, ಬಣ್ಣವಿಲ್ಲದ ಚಿತ್ರ. ಈ ಹಾಳೆ ಗಟ್ಟಿಯಲ್ಲ, ಹರಿಯುವಂಥದ್ದು, ಪ್ರೋಟೀನುಗಳು ಅದರಲ್ಲಿ ತೇಲುತ್ತವೆ ಎಂಬ ಮಾದರಿಯನ್ನು ಸಿಂಗರ್ ಮತ್ತು ನಿಕೊಲ್ಸನ್ 1972ರಲ್ಲಿ ಮುಂದಿಟ್ಟರು.

ನಿಮ್ಮ ಪುಸ್ತಕದ ಬಣ್ಣಬಣ್ಣದ ಚಿತ್ರ ಇವೆಲ್ಲವನ್ನೂ ಒಂದೇ ಹಾಳೆಗೆ ತಂದು ಕೂರಿಸಿದ ನಕ್ಷೆ. ಇಲ್ಲದ್ದನ್ನು ಬರೆದಿಲ್ಲ, ಆದರೆ ಅಳತೆ ಸುಳ್ಳು, ಸಂಖ್ಯೆ ಸುಳ್ಳು. ಗೋಡೆಯ ಪಕ್ಕದಲ್ಲಿ ಪೊರೆಯನ್ನು ದಪ್ಪ ಗೆರೆಯಾಗಿ ಎಳೆದಿರುತ್ತಾರೆ. ನೂರಾರು ಮೈಟೊಕಾಂಡ್ರಿಯ ಇರಬೇಕಾದ ಕಡೆ ಎರಡೋ ಮೂರೋ. ಮೈಟೊಕಾಂಡ್ರಿಯದಂಥ ಕಣದಂಗಗಳ ನಡುವೆ ವಿಶಾಲ ಬಯಲು ಬಿಟ್ಟಿರುತ್ತಾರೆ. ನಿಜದ ಕೋಶದ್ರವ್ಯದಲ್ಲಿ ಪ್ರೋಟೀನುಗಳು ಭುಜಕ್ಕೆ ಭುಜ ತಾಗುವಷ್ಟು ಇಕ್ಕಟ್ಟು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ನೀವು ಬರೆಯಬೇಕಾದದ್ದು ಆ ನಕ್ಷೆಯನ್ನಲ್ಲ, ನಿಮಗೆ ಕಂಡದ್ದನ್ನು. ಗೋಡೆ, ಕೇಂದ್ರ, ರಸದಾನಿಯ ಬಣ್ಣ, ಹರಿಯುವ ಚುಕ್ಕೆ. ಕಾಣದ ಮೈಟೊಕಾಂಡ್ರಿಯವನ್ನು ಬರೆದು ಅಂಕ ಪಡೆಯುವ ರೂಢಿ ಕೆಟ್ಟದ್ದು.

ಓವರ್ಟನ್ನನ ತರ್ಕವನ್ನು ನೀವೇ ಪರೀಕ್ಷಿಸಬೇಕೆಂದಿದ್ದರೆ ಇನ್ನೊಂದು ಸ್ಲೈಡ್ ಮಾಡಿ. 9.2 ಗ್ರಾಂ ಗ್ಲಿಸರಾಲ್ ತೂಗಿ, ನೀರು ಬೆರೆಸಿ ಒಟ್ಟು 100 ಮಿಲಿಲೀಟರ್ ಮಾಡಿದರೆ ಅದು 1 ಮೋಲಾರ್, ಅಂದರೆ ಲೀಟರಿಗೆ ಒಂದು ಮೋಲ್. ಪಕ್ಕದಲ್ಲಿ ಹೋಲಿಕೆಗೆ 34.2 ಗ್ರಾಂ ಸಕ್ಕರೆ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿದ 1 ಮೋಲಾರ್ ದ್ರಾವಣ. ನೇರಳೆ ಸಿಪ್ಪೆಯ ಒಂದೊಂದು ತುಂಡನ್ನು ಒಂದೊಂದರಲ್ಲಿ ಇಡಿ. ಎರಡರಲ್ಲೂ ಕೋಶಗಳು ಮೊದಲು ಕುಗ್ಗುತ್ತವೆ. ಗ್ಲಿಸರಾಲಿಗೆ ಆವೇಶವಿಲ್ಲ, ಆದರೆ ನೀರಿಗೆ ತಗುಲಿಕೊಳ್ಳುವ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ನೀರಿನಷ್ಟು ಬೇಗ ಅಲ್ಲ, ಸೋಡಿಯಂನಂತೆ ಬಾಗಿಲಲ್ಲೇ ನಿಲ್ಲುವುದೂ ಇಲ್ಲ, ಮೆಲ್ಲನೆ ಒಳಗೆ ಜಾರುತ್ತದೆ. ಅದರ ಹಿಂದೆಯೇ ನೀರು. ಸ್ಲೈಡ್ ಒಣಗದಂತೆ ಕವರ್ ಸ್ಲಿಪ್ಪಿನ ಅಂಚಿಗೆ ಆಗಾಗ ಅದೇ ದ್ರಾವಣದ ಹನಿ ಬಿಡುತ್ತಾ, ಗುರುತಿಟ್ಟ ಅದೇ ಹತ್ತು ಕೋಶಗಳನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಮುದ್ದೆಯ ಉದ್ದ ಬರೆದಿಡಿ. ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಸಿಪ್ಪೆಯನ್ನೂ ಕೋಣೆಯ ಉಷ್ಣತೆಯನ್ನೂ ಅವಲಂಬಿಸಿದೆ, ಒಂದೆರಡು ಗಂಟೆಗಾದರೂ ಸಿದ್ಧರಾಗಿ ಕೂರಿ. ಗ್ಲಿಸರಾಲಿನ ಕೋಶಗಳು ನೀವು ನೀರು ಹಾಯಿಸದೆಯೇ ಹಿಗ್ಗತೊಡಗಿದಾಗ ಸಕ್ಕರೆಯವು ಇನ್ನೂ ಮುದುಡಿಕೊಂಡೇ ಇರುತ್ತವೆ.